ಮಡ್‌ಗಾರ್ಡಿನ ಕೆಳಗಿನ ತಂತಿ

ನಮ್ಮ ಮನೆಗೆ ಟ್ರಾಕ್ಟರು ಬಂದಾಗ ಅದಕ್ಕೆ ಜಾಗ ಬಿಟ್ಟುಕೊಟ್ಟದ್ದು ಎತ್ತುಗಳು. ಕೊಟ್ಟಿಗೆಯ ಬೀದಿ ಕಡೆಯ ಗೋಡೆ ಒಡೆದು ಬಾಗಿಲು ಅಗಲ ಮಾಡಿದರು. ಗೊಂತು ಕಿತ್ತು ನೆಲ ತಟ್ಟಿದರು. ಎತ್ತುಗಳನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿದರು. ಆದರೂ ಅಟ್ಟದ ತುಂಬ ಹುಲ್ಲು ಹಾಗೇ ಇತ್ತು. ಹಾಗಾಗಿ ನಮ್ಮ ಕೊಟ್ಟಿಗೆಗೆ ಕಾಲಿಟ್ಟರೆ ಮೂಗಿಗೆ ಡೀಸೆಲ್ಲು, ಸಗಣಿ, ಒಣಹುಲ್ಲು ಮೂರೂ ಒಟ್ಟಿಗೆ ಬಡಿಯುತ್ತಿದ್ದವು. ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಬೆಳಗ್ಗೆ ಚಿಕ್ಕಪ್ಪ ಟ್ರಾಕ್ಟರು ಚಾಲೂ ಮಾಡಿದರೆ ಗೂಡಿನಲ್ಲಿ ಬೋರಲು ಹಾಕಿದ್ದ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಜ್ಜಿ ಆ ಸದ್ದಿಗೇ ಎದ್ದು ಕೂತು, ಮಗ ಹೊರಟ ಎಂದುಕೊಂಡು ದೇವರಿಗೆ ಕೈ ಮುಗಿಯುತ್ತಿದ್ದಳು.

ವೈದ್ಯನಾಥಪುರ ದಾಟಿ ಶಿಂಷೆಯ ಆಚೆ ಬದಿಗೆ ನಮ್ಮೂರು. ಮನೆಯ ಯಜಮಾನಿಕೆ ಅಪ್ಪನದು. ಯಾವ ಗದ್ದೆಗೆ ಯಾವ ಬೆಳೆ, ಕಬ್ಬು ಯಾವಾಗ ಕಡಿಯಬೇಕು, ಬೆಲ್ಲ ಮಂಡ್ಯಕ್ಕೋ ಮದ್ದೂರಿಗೋ, ಎಲ್ಲ ಅಪ್ಪನ ಬಾಯಿಂದಲೇ ಬರಬೇಕು. ಟ್ರಾಕ್ಟರು ತರುವುದೆಂದು ಹಟ ಹಿಡಿದವನೂ ಅಪ್ಪನೇ. ಆದರೆ ಅದನ್ನು ಓಡಿಸಲು ಕಲಿತವನು ಚಿಕ್ಕಪ್ಪ ಶಿವಣ್ಣ. ಅಪ್ಪ ಒಮ್ಮೆ ಕಣದಲ್ಲಿ ಪ್ರಯತ್ನಿಸಿ, ಮೆದೆಗೆ ಗುದ್ದಿ, ಇಳಿದು ಬಂದವನು ಮತ್ತೆ ಆ ಸೀಟಿನ ಮೇಲೆ ಕೂರಲಿಲ್ಲ. ಎಲ್ಲಿಗೆ ಹೋದರೂ ಚಿಕ್ಕಪ್ಪನ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕೂರುತ್ತಿದ್ದ. ತಲೆಗೆ ಟವೆಲು ಸುತ್ತಿ, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಬಂದವರಿಗೆಲ್ಲ ತಾನೇ ಓಡಿಸುತ್ತಿರುವವನಂತೆ ಗದ್ದ ಎತ್ತಿ ಮಾತಾಡಿಸುತ್ತಿದ್ದ. ಒಳಗೊಳಗೆ ಅವನಿಗೆ ಬೀಳುವ ಭಯವಿತ್ತು. ಮದ್ದೂರಿನ ಗುಜರಿಯಿಂದ ಒಂದು ಕಬ್ಬಿಣದ ಹಿಡಿ ತಂದು, ಮಡ್‌ಗಾರ್ಡಿಗೆ ತೂತು ಕೊರೆಸಿ, ಬೋಲ್ಟು ಹಾಕಿ ತಾನೇ ಬಿಗಿದುಕೊಂಡಿದ್ದ. ಕೂತಾಗ ಅದನ್ನು ಬಲವಾಗಿ ಹಿಡಿದಿರುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಯಾರೂ ಅದರ ಬಗ್ಗೆ ಮಾತೆತ್ತುತ್ತಿರಲಿಲ್ಲ.

ದೀಪದ ತೊಂದರೆ ಶುರುವಾದದ್ದು ಕಬ್ಬಿನ ಕಾಲದಲ್ಲಿ. ಒಂದು ಸಂಜೆ ಚಿಕ್ಕಪ್ಪ, ಅಪ್ಪ ಇಬ್ಬರೂ ಮದ್ದೂರಿನಿಂದ ಬರುವಾಗ ಮುಂದಿನ ದೀಪ, ಹಿಂದಿನ ದೀಪ ಎಲ್ಲ ಒಮ್ಮೆಲೇ ಆರಿಹೋದವು. ಚಿಕ್ಕಪ್ಪ ಫ್ಯೂಸು ಬದಲಿಸಿದ, ಹತ್ತಿಕೊಂಡವು. ಆಮೇಲೆ ದಿನಗಟ್ಟಲೆ ಚಿಕ್ಕಪ್ಪ ಒಬ್ಬನೇ ಓಡಿಸಿದ, ಏನೂ ಆಗಲಿಲ್ಲ. ಇನ್ನೊಂದು ಸಂಜೆ ಅಪ್ಪ ಜೊತೆಗೆ ಹೋದಾಗ ಮತ್ತೆ ಆರಿದವು. ಮದ್ದೂರಿನ ಮೆಕ್ಯಾನಿಕ್ಕು ಇಡೀ ಮಧ್ಯಾಹ್ನ ಟ್ರಾಕ್ಟರು ನಿಲ್ಲಿಸಿಕೊಂಡು ತಂತಿ ತಂತಿಯನ್ನೂ ಮುಟ್ಟಿ ನೋಡಿದ. ದೀಪ ಹಾಕಿದ, ಆರಿಸಿದ. ಎಲ್ಲ ಸರಿಯಾಗಿದೆ, ಎಲ್ಲೂ ಶಾರ್ಟಿಲ್ಲ ಎಂದು ಕಳಿಸಿದ. ಚಿಕ್ಕಪ್ಪ ಒಬ್ಬನೇ ಓಡಿಸಿಕೊಂಡು ಬಂದ ದಾರಿಯುದ್ದಕ್ಕೂ ದೀಪ ಚೆನ್ನಾಗಿಯೇ ಉರಿಯಿತಂತೆ. ಮಾರನೆಯ ವಾರ ಅಪ್ಪ ಹತ್ತಿ ಕೂತ. ಊರ ಬಾಗಿಲು ದಾಟುವುದರೊಳಗೆ ಕತ್ತಲು.

ಅಪ್ಪನ ತಲೆಯಲ್ಲಿ ಅನುಮಾನ ಹುಟ್ಟಿದ್ದು ಹೀಗೆ. ನಾನು ಕೂತಾಗ ಮಾತ್ರ ಯಾಕೆ ಆರುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ನೀನು ಬಂದಾಗ ಮಾತ್ರ ಆರುತ್ತದೆ ಎಂದು ಚಿಕ್ಕಪ್ಪನೂ ಅದನ್ನೇ ಹೇಳುತ್ತಿದ್ದ. ಒಂದೇ ಮಾತು ಇಬ್ಬರ ಬಾಯಲ್ಲಿ ಎರಡು ಬೈಗುಳವಾಗುತ್ತಿತ್ತು. ಅಪ್ಪನಿಗೆ ತಮ್ಮ ತನ್ನನ್ನು ಟ್ರಾಕ್ಟರಿನಿಂದ ಇಳಿಸಲು ಆಟ ಹೂಡಿದ್ದಾನೆ ಅನ್ನಿಸಿತು. ಚಿಕ್ಕಪ್ಪನಿಗೆ ಅಣ್ಣ ತನ್ನನ್ನು ಕಳ್ಳನ ಹಾಗೆ ನೋಡುತ್ತಿದ್ದಾನೆ ಅನ್ನಿಸಿತು. ಅವ್ವ, ಚಿಕ್ಕಮ್ಮ ಇಬ್ಬರೂ ಬಡಿಸುವಾಗ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು. ಮುದ್ದೆ ಮುರಿಯುವ ಕೈಗಳು ಅಲ್ಲಲ್ಲೇ ನಿಲ್ಲುತ್ತಿದ್ದವು. ಅಜ್ಜಿ ಸಾರು ಸಾಕೇ ಎಂದು ಯಾರನ್ನೂ ಉದ್ದೇಶಿಸದೆ ಕೇಳುತ್ತಿದ್ದಳು. ನಾನು ಹುರುಳಿಸಾರಿನಲ್ಲಿ ಬೆರಳಾಡಿಸುತ್ತ, ಯಾರ ದನಿ ಏರುತ್ತದೆ ಎಂದು ಕಿವಿ ಅಲ್ಲೇ ಇಟ್ಟಿರುತ್ತಿದ್ದೆ. ದನಿ ಏರುವ ಮುಂಚೆಯೇ ಅದನ್ನು ಪತ್ತೆ ಹಚ್ಚುವ ಅಭ್ಯಾಸ ನನಗೆ ಅಂಟಿದ್ದು ಆ ಪಂಕ್ತಿಯಲ್ಲಿ. ಈಗಲೂ ಅದು ಹೋಗಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಅವರು ಮಳವಳ್ಳಿ ಕಡೆಯಿಂದ ಆಲೆಮನೆಗೆ ಬಿದಿರು ತುಂಬಿಕೊಂಡು ಬರುತ್ತಿದ್ದರು. ಚಿಕ್ಕಪ್ಪ ಓಡಿಸುತ್ತಿದ್ದ, ಅಪ್ಪ ಮಡ್‌ಗಾರ್ಡಿನ ಮೇಲೆ, ನಮ್ಮ ಆಳು ಮರಿಯಯ್ಯ ಹಿಂದೆ ಟ್ರೈಲರಿನ ಬಿದಿರ ಮೇಲೆ. ಹೊತ್ತು ಮುಳುಗಿದ್ದರಿಂದ ದೀಪ ಹಾಕಿದರು. ಇಳಿಜಾರಿನಲ್ಲಿ ದೀಪ ಆರಿತು. ಎದುರಿಗೆ ಬಸ್ಸು ಬರುತ್ತಿತ್ತು. ಬಸ್ಸಿನ ಬೆಳಕು ಕಣ್ಣಿಗೆ ಹೊಡೆದು ರಸ್ತೆಯ ಅಂಚೇ ಕಾಣದಾಯಿತು. ಚಿಕ್ಕಪ್ಪ ಟ್ರಾಕ್ಟರನ್ನು ಪಕ್ಕದ ಗದ್ದೆಗೆ ಇಳಿಸಿದ. ಹಾಗೆ ಮಾಡದಿದ್ದರೆ ಮೂವರೂ ಉಳಿಯುತ್ತಿರಲಿಲ್ಲ. ಆದರೆ ಟ್ರೈಲರು ವಾಲಿ ಮರಿಯಯ್ಯ ಬಿದಿರಿನ ಸಮೇತ ಕೆಳಗೆ ಬಿದ್ದ. ಅವನ ಬಲಗೈ ಮೊಣಕೈಯ ಹತ್ತಿರ ಮುರಿಯಿತು. ಬಸ್ಸಿನ ಜನವೆಲ್ಲ ಇಳಿದು ನೋಡುತ್ತಿರುವಾಗ, ಅಪ್ಪ ಚಿಕ್ಕಪ್ಪನ ಕೆನ್ನೆಗೆ ಹೊಡೆದ. ಎರಡು ಮಕ್ಕಳ ತಂದೆಯಾಗಿದ್ದ ತಮ್ಮನಿಗೆ, ಊರವರು ಪರವೂರವರು ಎಲ್ಲರ ಎದುರು.

ಚಿಕ್ಕಪ್ಪ ಮರಿಯಯ್ಯನನ್ನು ಅದೇ ಬಸ್ಸಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಮರುದಿನ ಬಂದು ಟ್ರಾಕ್ಟರನ್ನು ಗದ್ದೆಯಿಂದ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದವನು ಮನೆಯೊಳಗೆ ಬರಲಿಲ್ಲ. ಹಾಸಿಗೆ ತರಿಸಿಕೊಂಡು ಆಲೆಮನೆಯಲ್ಲಿ ಉಳಿದ. ಚಿಕ್ಕಮ್ಮ ಬುತ್ತಿ ಒಯ್ಯುತ್ತಿದ್ದಳು. ಅಜ್ಜಿ ಮಗ ಬರುವ ತನಕ ಮುದ್ದೆ ಮುಟ್ಟುವುದಿಲ್ಲವೆಂದು ಮಜ್ಜಿಗೆ ಕುಡಿದುಕೊಂಡು ಜಗಲಿಯಲ್ಲಿ ಮಲಗಿದಳು. ಪಾಲು ಮಾಡಿಕೊಡಿ ಎಂದು ಚಿಕ್ಕಪ್ಪ ಹೇಳಿಕಳಿಸಿದ. ಅಪ್ಪನೂ ಆಗಲಿ ಎಂದ. ಸೋಮವಾರ ಸಂಜೆ ಊರ ಹಿರಿಯರು ನಮ್ಮ ಜಗಲಿಯ ಮೇಲೆ ಸೇರುವುದೆಂದಾಯಿತು. ಅಪ್ಪ ಅದಕ್ಕೂ ಮುಂಚೆಯೇ ಇನ್ನೊಂದು ಮಾತು ಹಬ್ಬಿಸಿಬಿಟ್ಟಿದ್ದ. ಶಿವಣ್ಣ ಬೇಕೆಂದೇ ತಂತಿ ಸಡಿಲ ಮಾಡುತ್ತಿದ್ದ, ಅದಕ್ಕೇ ಮರಿಯಯ್ಯನ ಕೈ ಹೋಯಿತು ಎಂದು. ಪಾಲಾದರೆ ಆಗಲಿ, ಆ ಮಾತು ಹೊತ್ತುಕೊಂಡು ಚಿಕ್ಕಪ್ಪ ಊರಲ್ಲಿ ಹೇಗೆ ತಿರುಗಾಡುವುದು ಎಂಬುದು ಚಿಕ್ಕಮ್ಮನ ಸಂಕಟ. ಒಲೆ ಮುಂದೆ ಕೂತು ಅವಳು ಅವ್ವನ ಹತ್ತಿರ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು.

ಅವ್ವ ಬ್ಲಫ್ ಎಂಬ ಊರಿನವಳು. ಅವಳ ಅಪ್ಪ ಅಲ್ಲಿನ ಕರೆಂಟು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಅವರು ಕ್ವಾರ್ಟರ್ಸಿನ ಜಗಲಿಯಲ್ಲಿ ನೆರೆಯವರ ರೇಡಿಯೋ, ಇಸ್ತ್ರಿಪೆಟ್ಟಿಗೆಗಳನ್ನು ಬಿಚ್ಚಿ ಹರಡಿಕೊಂಡು ಕೂತಾಗ, ತಂತಿ ಹಿಡಿಯುವ ಕೆಲಸ ಅವ್ವನದಾಗಿತ್ತಂತೆ. ನಮ್ಮ ಮನೆಗೆ ಬಂದ ಮೇಲೆ ಅದೆಲ್ಲ ಯಾರಿಗೂ ಬೇಕಾಗಲಿಲ್ಲ. ಅವಳೂ ಹೇಳಿಕೊಳ್ಳಲಿಲ್ಲ. ಒಂದು ಸಲ ಮಾತ್ರ ಬಾಯಿ ಬಿಟ್ಟಿದ್ದಳು. ಪದೇಪದೇ ಹೋಗುವ ಫ್ಯೂಸಿನ ಬದಲು, ಪಂಪ್‌ಸೆಟ್ಟಿಗೆ ಹಾಕುವಂತೆ ದಪ್ಪ ತಂತಿ ಸುತ್ತಿಬಿಡುತ್ತೇನೆಂದು ಅಪ್ಪ ಹೊರಟಾಗ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ಫ್ಯೂಸು ಓಗ್ಲಿಲ್ಲ ಅಂದ್ರೆ ಒಳಗಡೆ ತಂತಿ ಉರೀತದೆ. ತಂತಿ ಉರುದ್ರೆ ಅಟ್ಟದ್ ಮ್ಯಾಲಿರೋ ಉಲ್ಲು ಉಳೀತದಾ?"

ಅಪ್ಪ ತಂತಿಯ ಸುರುಳಿಯನ್ನು ಮೂಲೆಗೆ ಎಸೆದು ಹೋಗಿದ್ದ.

ಸೋಮವಾರ ಮಧ್ಯಾಹ್ನ ಅಪ್ಪ ನಾಲೆ ಕಡೆಗೆ ಹೋಗಿದ್ದ. ಹಿರಿಯರು ಬರುವುದರೊಳಗೆ ಜಗಲಿ ಸಾರಿಸಬೇಕಿತ್ತು. ಅವ್ವ ಸಗಣಿಯ ಬಕೆಟ್ಟನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದಳು. ನನ್ನನ್ನೂ ಕರೆದಳು, ಚಿಕ್ಕಮ್ಮನನ್ನೂ ಕರೆದಳು. ಚಿಕ್ಕಮ್ಮ ಹೆದರಿದಳು. ನಾವು ಮುಟ್ಟಿದ್ದು ಗೊತ್ತಾದರೆ, ಕೆಡಿಸಿದ್ದೂ ನಾವೇ ಅಂತಾರೆ ಅಂದಳು. ಯಾರು ಕೆಡಿಸಿದರೋ ಆಮೇಲೆ ನೋಡೋಣ, ಎಲ್ಲಿ ಕೆಟ್ಟಿದೆ ಅಂತ ಮೊದಲು ನೋಡೋಣ ಎಂದು ಅವ್ವ ಸ್ಪ್ಯಾನರು ತೆಗೆದುಕೊಂಡಳು.

ಟ್ರಾಕ್ಟರಿನ ಕಬ್ಬಿಣದ ಮೈಯೇ ಬ್ಯಾಟರಿಯ ಒಂದು ತಂತಿ ಇದ್ದಂತೆ ಎಂದು ಅವಳು ನಮಗೆ ವಿವರಿಸಿದಳು. ಇನ್ನೊಂದು ತಂತಿ ಫ್ಯೂಸಿನ ಮೂಲಕ ದೀಪಗಳಿಗೆ ಹೋಗುತ್ತದೆ. ದೀಪ ತಲುಪುವ ಮುಂಚೆಯೇ ಆ ತಂತಿ ಎಲ್ಲಾದರೂ ಬರಿಮೈಯಾಗಿ ಕಬ್ಬಿಣಕ್ಕೆ ತಾಗಿದರೆ ಕರೆಂಟೆಲ್ಲ ಅಲ್ಲೇ ನುಗ್ಗುತ್ತದೆ, ಫ್ಯೂಸು ಸುಟ್ಟುಹೋಗುತ್ತದೆ. ತಾಗುವ ಆ ಜಾಗ ಹುಡುಕಬೇಕು. ಮೊದಲು ಎಲ್ಲ ದೀಪಗಳ ಬಲ್ಬು ಬಿಚ್ಚಿ ನನ್ನ ಲಂಗದ ಮಡಿಲಿಗೆ ಹಾಕಿದಳು. ಒಂದು ಬಲ್ಬನ್ನು ಮಾತ್ರ ಹೋಲ್ಡರಿನ ಸಮೇತ ಇಟ್ಟುಕೊಂಡು, ಅದಕ್ಕೆ ಎರಡು ತುಂಡು ತಂತಿ ಕಟ್ಟಿ, ಫ್ಯೂಸು ಇರುವ ಜಾಗಕ್ಕೆ ಸಿಕ್ಕಿಸಿದಳು. ಸ್ವಿಚ್ಚು ಹಾಕಿದಳು. ಬಲ್ಬು ಉರಿಯಲಿಲ್ಲ.

"ನೋಡು. ಬ್ಯಾರೆ ಬಲ್ಬು ಒಂದೂ ಇಲ್ಲ. ಈಗ ಇದು ಉರೀತು ಅಂದ್ರೆ, ಎಲ್ಲೋ ತಂತಿ ಕಬ್ಬುಣಕ್ಕೆ ತಾಗದೆ ಅಂತ. ನೀನು ಇದ್ರ ಮ್ಯಾಲಿಂದ ಕಣ್ಣು ತಗೀಬೇಡ," ಎಂದು ನನಗೆ ಹೇಳಿದಳು.

ನಾನು ಬಲ್ಬನ್ನೇ ನೋಡುತ್ತ ನಿಂತೆ. ಅವ್ವ ಮುಂದಿನ ದೀಪದ ತಂತಿಯನ್ನು ಎಳೆದು, ಅಲ್ಲಾಡಿಸಿ, ಬಾನೆಟ್ಟಿನ ಕೆಳಗೆ ಕೈ ತೂರಿ ತಡಕಿದಳು. ಬಲ್ಬು ಉರಿಯಲಿಲ್ಲ. ಸ್ಟೇರಿಂಗಿನ ಬುಡದ ತಂತಿಗಳನ್ನು ಒಂದೊಂದಾಗಿ ಬಗ್ಗಿಸಿದಳು. ಇಲ್ಲ. ಸ್ವಿಚ್ಚಿನ ಹಿಂದೆ ನೋಡಿದಳು. ಅಲ್ಲೂ ಇಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಅಜ್ಜಿ ಜಗಲಿಯಿಂದ ಇನ್ನೂ ಸಾರಿಸಿಲ್ಲವೇ ಎಂದು ಕೂಗಿದಳು. ಅವ್ವನ ಮುಖದಲ್ಲಿ ಬೆವರು, ಗ್ರೀಸು ಎರಡೂ ಸೇರಿದ್ದವು. ಮೆಕ್ಯಾನಿಕ್ಕು ಹೇಳಿದ್ದೇ ನಿಜವಿರಬೇಕು, ಎಲ್ಲ ಸರಿಯಾಗಿದೆ. ಹಾಗಿದ್ದರೆ ಉಳಿಯುವುದು ಅಪ್ಪನ ಮಾತೇ ಅನ್ನಿಸಿತು ನನಗೆ. ಚಿಕ್ಕಮ್ಮನಿಗೂ ಅದೇ ಯೋಚನೆ ಬಂದಿರಬೇಕು. ಅವಳು ಟ್ರಾಕ್ಟರಿನ ಮೆಟ್ಟಿಲ ಮೇಲೆ ಕೂತಳು. ಅವ್ವ ಖಾಲಿ ಮಡ್‌ಗಾರ್ಡಿನ ಕಡೆ ನೋಡಿದಳು. ಆಮೇಲೆ ನನಗೆ ಮಡ್‌ಗಾರ್ಡಿನ ಮೇಲೆ ಹತ್ತಿ ಕೂರು ಎಂದಳು. ಅಪ್ಪ ಕೂರುವ ಜಾಗದಲ್ಲಿ. ನಾನು ಮಡಿಲಿನ ಬಲ್ಬುಗಳನ್ನು ಕೆಳಗಿಟ್ಟು ಹತ್ತಿ ಕೂತೆ. ಏನೂ ಆಗಲಿಲ್ಲ. ನಾನು ಆಗ ಕಡ್ಡಿಯಂತಿದ್ದೆ.

"ನೀನು ಇಳಿ. ಪುಟ್ಟಮ್ಮ, ನೀನು ಮ್ಯಾಲೆ ಅತ್ತವ್ವ," ಎಂದು ಅವ್ವ ಚಿಕ್ಕಮ್ಮನಿಗೆ ಹೇಳಿದಳು.

ಚಿಕ್ಕಮ್ಮ ತುಂಬಿದ ಮೈಯವಳು. ಸೀರೆ ಎತ್ತಿ ಹಿಡಿದು ಕಷ್ಟಪಟ್ಟು ಹತ್ತಿದಳು. ಕಬ್ಬಿಣದ ಹಿಡಿ ಹಿಡಿದುಕೊಂಡು ಮಡ್‌ಗಾರ್ಡಿನ ಮೇಲೆ ಮೈ ಬಿಟ್ಟಳು. ತಗಡು ಕಿರ್ರೆಂದು ಬಾಗಿತು. ಬಲ್ಬು ಪಟ್ಟನೆ ಹತ್ತಿಕೊಂಡು ಇಡೀ ಕೊಟ್ಟಿಗೆಯ ಮಬ್ಬಿನಲ್ಲಿ ಬೆಳ್ಳಗೆ ಉರಿಯಿತು.

ಚಿಕ್ಕಮ್ಮ ಕರೆಂಟು ಹೊಡೆಯಿತೆಂದು ಹೆದರಿ ಎದ್ದುಬಿಟ್ಟಳು. ಬಲ್ಬು ಆರಿತು. ಮತ್ತೆ ಕೂರಿಸಿದಳು ಅವ್ವ. ಉರಿಯಿತು. ಹಿಂದಿನ ದೀಪಕ್ಕೆ ಹೋಗುವ ತಂತಿಯನ್ನು ಸ್ವಿಚ್ಚಿನಿಂದ ಬಿಡಿಸಿದಳು. ಚಿಕ್ಕಮ್ಮ ಕೂತಿದ್ದರೂ ಆರಿಹೋಯಿತು. ಸಿಕ್ಕಿಸಿದಳು, ಉರಿಯಿತು. ಅವ್ವ ನೆಲದ ಮೇಲೆ ಮಲಗಿ ಚಕ್ರದ ಸಂದಿಯಿಂದ ಮಡ್‌ಗಾರ್ಡಿನ ಕೆಳಗೆ ತಲೆ ತೂರಿಸಿದಳು. ಎದ್ದಾಗ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಪ್ಪ ತನ್ನ ಹಿಡಿಗೆ ಹಾಕಿದ್ದ ಬೋಲ್ಟು ಉದ್ದವಾಗಿತ್ತು. ಅದರ ತುದಿ ತಗಡಿನ ಕೆಳಗೆ ಚಾಚಿ, ಪಕ್ಕದಲ್ಲೇ ಹಾದುಹೋಗುವ ಹಿಂದಿನ ದೀಪದ ತಂತಿಯ ಹೊದಿಕೆಯನ್ನು ತಿಕ್ಕಿ ತಿಕ್ಕಿ ಸವೆಸಿತ್ತು. ಭಾರ ಬಿದ್ದರೆ ತಗಡು ಬಾಗಿ ಬೋಲ್ಟು ತಾಮ್ರಕ್ಕೆ ತಾಗುತ್ತಿತ್ತು. ಭಾರ ಎದ್ದರೆ ಬಿಡುತ್ತಿತ್ತು. ಚಿಕ್ಕಪ್ಪ ಒಬ್ಬನೇ ಓಡಿಸುವಾಗ ಅಲ್ಲಿ ಯಾರ ಭಾರವೂ ಇರುತ್ತಿರಲಿಲ್ಲ. ಮೆಕ್ಯಾನಿಕ್ಕಿನ ಮುಂದೆಯೂ ಯಾರೂ ಅಲ್ಲಿ ಕೂತಿರಲಿಲ್ಲ.

ಚಿಕ್ಕಮ್ಮ ಈಗಲೇ ಆಲೆಮನೆಗೆ ಓಡುತ್ತೇನೆಂದಳು. ಅವ್ವ ಬೇಡವೆಂದಳು. ಬೋಲ್ಟನ್ನೂ ಬಿಚ್ಚಲಿಲ್ಲ, ತಂತಿಗೆ ಟೇಪೂ ಸುತ್ತಲಿಲ್ಲ. ಎಲ್ಲವನ್ನೂ ಹಾಗೇ ಬಿಟ್ಟು ಹೋಗಿ ಜಗಲಿ ಸಾರಿಸಿದಳು. ಅಪ್ಪ ನಾಲೆಯಿಂದ ಬಂದು ಕಾಲು ತೊಳೆಯುವಾಗ ಚೊಂಬು ಹಿಡಿದು ನಿಂತು, ಒಂದು ಗಳಿಗೆ ಕೊಟ್ಟಿಗೆಗೆ ಬನ್ನಿ ಎಂದಳು. ಅವಳ ದನಿಯಲ್ಲಿ ಏನಿತ್ತೋ, ಅಪ್ಪ ಯಾಕೆ ಎಂದು ಕೇಳದೆ ಹೋದ. ನಾನು ಬಾಗಿಲಲ್ಲಿ ನಿಂತೆ. ಅಪ್ಪನಿಗೆ ಸಿಟ್ಟು ಬಂದರೆ ಅವನ ಕಿವಿ ಕೆಂಪಾಗುವುದು ನನಗೆ ಗೊತ್ತಿತ್ತು. ಹಾಗಾಗಿ ಕಿವಿಯನ್ನೇ ನೋಡುತ್ತಿದ್ದೆ. ಅವ್ವ ಬಲ್ಬು ತೋರಿಸಿ, ನೀವು ಕೂರುವ ಜಾಗದಲ್ಲಿ ಕೂರಿ ಎಂದಳು. ಅವನು ಹತ್ತಿ ಕೂತ. ಬಲ್ಬು ಹತ್ತಿತು. ಎದ್ದ. ಆರಿತು. ಮತ್ತೆ ಅವನಾಗಿಯೇ ಕೂತ, ಎದ್ದ, ಕೂತ. ಆಮೇಲೆ ಇಳಿದು ಬಗ್ಗಿ ಕೆಳಗೆ ಕೈ ಹಾಕಿ ಬೋಲ್ಟಿನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಕಿವಿ ಕೆಂಪಾಗಲಿಲ್ಲ. ಮುಖವೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಇದ್ನ ಯಾರ್ಯಾರು ನೋಡವ್ರೆ?" ಎಂದ.

"ನಾವು ಮೂರು ಜನ. ಬೋಲ್ಟು ಬಿಚ್ಚೋದು ನಿಮಗೆ ಬುಟ್ಟಿದ್ದು," ಎಂದಳು ಅವ್ವ. ಸ್ಪ್ಯಾನರನ್ನು ಅವನ ಕೈಗೆ ಕೊಟ್ಟು ಹೊರಗೆ ಬಂದಳು.

ಬಿಚ್ಚಿ ಎಸೆದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಿಕ್ಕಮ್ಮ ಹೇಳಿದರೂ ಗಂಡನ ಪರ ಹೇಳುತ್ತಾಳೆ ಎನ್ನುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಹಿರಿಯರಿಗೆ ಕಾಫಿಗಿಟ್ಟಳು. ನಾವು ಮೂವರೂ ಗೋಡೆಯಾಚೆ ಸ್ಪ್ಯಾನರಿನ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳುತ್ತ ಕೂತೆವು. ನೀರು ಕುದಿಯುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹಿರಿಯರು ಬಂದರು. ಚಿಕ್ಕಪ್ಪನೂ ಬಂದು ಜಗಲಿ ಹತ್ತದೆ ಅಂಗಳದಲ್ಲೇ ನಿಂತ. ಮರಿಯಯ್ಯ ಕೈಗೆ ಕಟ್ಟು ಹಾಕಿಸಿಕೊಂಡು ಅವನ ಪಕ್ಕದಲ್ಲಿದ್ದ. ಒಬ್ಬರು ಗಂಟಲು ಸರಿಮಾಡಿಕೊಂಡು ಮಾತು ಶುರು ಮಾಡುವಷ್ಟರಲ್ಲಿ ಅಪ್ಪ ಕೊಟ್ಟಿಗೆಯಿಂದ ಬಂದು, ಎಲ್ಲರೂ ಒಳಗೆ ಬಂದು ನೋಡಿ ಎಂದ. ಅವರೆದುರು ಮಡ್‌ಗಾರ್ಡಿನ ಮೇಲೆ ಕೂತು ತೋರಿಸಿದ. ಇಳಿದು ತಮ್ಮನ ಎದುರು ನಿಂತ.

"ಬೋಲ್ಟು ಬಿಗಿದೋನು ನಾನು. ಮ್ಯಾಲೆ ಕುಂತೋನೂ ನಾನೇ. ಮರಿಯಯ್ಯನ ಕೈ ಮುರಿದಿದ್ದು ನನ್ನಿಂದ. ನಿನ್ ಮ್ಯಾಲೆ ಊರ್ಗೆಲ್ಲ ಏಳ್ಕಂಡು ಬಂದೆ ಕಣ್ಲಾ ಶಿವಣ್ಣ. ಅದೇ ಊರ್ ಮುಂದೆ ಈಗ ಏಳ್ತಾವ್ನಿ, ನಿಂದೇನೂ ತಪ್ಪಿಲ್ಲ."

ಚಿಕ್ಕಪ್ಪ ಬಲ್ಬನ್ನು ನೋಡಿದ, ಅಪ್ಪನನ್ನು ನೋಡಿದ. ಅವನು ಬಗ್ಗಿ ಅಣ್ಣನ ಕಾಲು ಹಿಡಿಯುತ್ತಾನೆಂದು ನಾನು ಕಾದಿದ್ದೆ. ಅಜ್ಜಿಯೂ ಹಾಗೇ ಅಂದುಕೊಂಡಿರಬೇಕು, ಗೋಡೆ ಹಿಡಿದು ಎದ್ದು ಬಂದಿದ್ದಳು.

"ತಂತಿ ಸಿಕ್ತು, ಸರಿ ಅಣ್ಣಯ್ಯ. ಸಿಕ್ದೆ ಓಗಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳಿದ.

ಮರಿಯಯ್ಯ ನೆಲ ನೋಡುತ್ತ, ಆದದ್ದಾಯಿತು ಬುಡಿ ಎಂದ. ಅವನ ಕೈ ಆಮೇಲೆ ಸೊಟ್ಟಗೆ ಕೂಡಿತು. ಬಿದಿರಾಗಲಿ ಮೂಟೆಯಾಗಲಿ ಅವನು ಮತ್ತೆ ಎತ್ತಲಿಲ್ಲ. ಅಪ್ಪ ಅವನನ್ನು ಕೊನೆಯವರೆಗೂ ನಮ್ಮ ತೋಟದ ಕಾವಲಿಗೆ ಇಟ್ಟುಕೊಂಡ. ಅದರಿಂದ ಸಮಾಧಾನವಾಯಿತೆಂದು ಇಬ್ಬರೂ ಎಂದೂ ಹೇಳಿದ್ದು ನಾನು ಕೇಳಿಲ್ಲ.

ಪಾಲು ಆಗಿಯೇ ಆಯಿತು. ಚಿಕ್ಕಪ್ಪ ಅದನ್ನು ಬಿಡಲಿಲ್ಲ, ಅಪ್ಪ ತಡೆಯಲಿಲ್ಲ. ಆದರೆ ಯಾರೂ ಕೂಗಾಡಲಿಲ್ಲ. ಯಾವ ಗದ್ದೆ ಬೇಕೋ ಮೊದಲು ನೀನೇ ಹೇಳು ಎಂದು ಅಪ್ಪ ಅಂದ. ಚಿಕ್ಕಪ್ಪ ನಾಲೆಯ ಹತ್ತಿರದ್ದನ್ನು ಕೇಳದೆ ನೀರು ಸುಲಭಕ್ಕೆ ಏರದ ಮೇಲಿನದನ್ನು ಕೇಳಿದ. ಪಡಸಾಲೆಯ ಆಚೆ ಬದಿಗೆ ಇನ್ನೊಂದು ಒಲೆ ಹೂಡಿದರು. ಅಜ್ಜಿ ಮಧ್ಯಾಹ್ನ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಉಣ್ಣತೊಡಗಿದಳು. ಟ್ರಾಕ್ಟರು ಮಾತ್ರ ಇಬ್ಬರದೂ ಎಂದು ಉಳಿಯಿತು. ಆ ವಾರವೇ ಅವ್ವ ಸವೆದ ತಂತಿಯನ್ನು ಕತ್ತರಿಸಿ ಹೊಸದು ಸೇರಿಸಿದಳು. ನಾನು ಟೇಪು ಹಿಡಿದುಕೊಟ್ಟೆ. ಆಮೇಲೆ ಎಷ್ಟೋ ವರ್ಷ ಪಾಠ ಹೇಳುವ ಕೆಲಸದಲ್ಲಿದ್ದಾಗ, ಮಕ್ಕಳು ಒಬ್ಬರ ಮೇಲೊಬ್ಬರು ದೂರು ತಂದಾಗಲೆಲ್ಲ, ನಾನು ಯಾರು ಮಾಡಿದ್ದು ಎಂದು ಮೊದಲು ಕೇಳುತ್ತಿರಲಿಲ್ಲ, ಎಲ್ಲಿ ಕೆಟ್ಟಿತು ಎಂದು ಕೇಳುತ್ತಿದ್ದೆ. ಅದು ನನ್ನ ಒಳ್ಳೆಯತನವಲ್ಲ. ಅವ್ವ ಆ ಮಧ್ಯಾಹ್ನ ಕಲಿಸಿದ ಕೆಲಸದ ರೀತಿ.

ಅಪ್ಪ ಮಡ್‌ಗಾರ್ಡಿನ ಮೇಲೆ ಮತ್ತೆ ಕೂರಲಿಲ್ಲ. ಮದ್ದೂರಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಒಂದು ಬೆಳಗ್ಗೆ, ಚಿಕ್ಕಪ್ಪ ಟ್ರಾಕ್ಟರಿಗೆ ನೀರು ಹಾಕುತ್ತಿದ್ದಾಗ ಹೋಗಿ ಹತ್ತಿರ ನಿಂತ. ಇಬ್ಬರಿಗೂ ಮಾತು ಅಷ್ಟಕ್ಕಷ್ಟೇ ಇದ್ದ ದಿನಗಳು. ನಂಗೂ ಇದ್ನ ಕಲಿಸ್ಕೊಡು ಎಂದು ಅಪ್ಪ ಹೇಳಿದ್ದು ನನಗೆ ಜಗಲಿಯವರೆಗೂ ಕೇಳಿಸಿತು. ಚಿಕ್ಕಪ್ಪ ನೀರಿನ ಕೊಡ ಕೆಳಗಿಟ್ಟು, ಸೀಟನ್ನು ಟವೆಲಿನಿಂದ ಒರೆಸಿದ. ಅಪ್ಪ ಹತ್ತಿ ಕೂತ. ಚಿಕ್ಕಪ್ಪ ಪಕ್ಕದಲ್ಲಿ ಮೆಟ್ಟಿಲ ಮೇಲೆ ನಿಂತು, ಅಪ್ಪನ ಕೈಯ ಮೇಲೆ ಕೈಯಿಟ್ಟು ಗೇರು ಹಾಕಿಸಿದ. ಅಪ್ಪ ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಟ್ರಾಕ್ಟರು ಕುಪ್ಪಳಿಸಿ, ಕೆಮ್ಮಿ, ನಿಂತಿತು. ಎರಡನೆಯ ಸಲವೂ ಹಾಗೇ ಆಯಿತು. ಬೆವರುತ್ತಿದ್ದ ಅಪ್ಪ ಇಳಿಯಲು ಹೊರಟ. ಚಿಕ್ಕಪ್ಪ ಅವನ ಭುಜ ಹಿಡಿದು ಕೂರಿಸಿದ.

"ಇಳೀಬೇಡ ಅಣ್ಣಯ್ಯ. ಇನ್ನೊಂದ್ ಸಾರಿ. ಮೆಲ್ಲಗೆ ಬುಡು."